ತನ್ನವರ ಎದುರು ಆಡಿದ ಮಾತು

ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ ನಮ್ಮೆಲ್ಲರ ನೆನಪಿಗೆ ಬರುವುದು 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಅವರು ಮಾಡಿದ ಕನಸಿನ ಭಾಷಣ. ಮಕ್ಕಳ ಭಾಷಣ ಸ್ಪರ್ಧೆಯಿಂದ ಹಿಡಿದು ರಾಜಕಾರಣಿಗಳ ಜಯಂತಿ ಸಂದೇಶದವರೆಗೆ ಎಲ್ಲೆಡೆ ಅದೇ ಕನಸು. 1983ರಲ್ಲಿ ಅಮೆರಿಕದ ಸರಕಾರ ಅವರ ಹೆಸರಿನಲ್ಲಿ ರಾಷ್ಟ್ರೀಯ ರಜಾದಿನವನ್ನೂ ಗೊತ್ತುಪಡಿಸಿತು. ಪರದೇಶದ ಮೇಲೆ ಬಾಂಬು ಹಾಕಲು ಅಪ್ಪಣೆ ಕೊಟ್ಟ ಅಧ್ಯಕ್ಷರೂ ಆ ದಿನ ಕಿಂಗ್‌ರನ್ನು ಕೊಂಡಾಡಲು ಹಿಂಜರಿಯಲಿಲ್ಲ. ಯಾಕೆಂದರೆ ಕನಸಿಗೆ ಕೈಮುಗಿಯುವುದು ಸುಲಭ. ಅದರಿಂದ ಯಾರ ಬೊಕ್ಕಸಕ್ಕೂ ನಷ್ಟವಿಲ್ಲ.

ಆದರೆ ಅದೇ ಕಿಂಗ್ ಮಾಡಿದ ಇನ್ನೊಂದು ಭಾಷಣವಿದೆ. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚ್‌ನಲ್ಲಿ ವಿಯೆಟ್ನಾಂ ಯುದ್ಧದ ಕುರಿತು ಮಾಡಿದ ಭಾಷಣವದು. ಅದನ್ನು ಯಾವ ಸರಕಾರವೂ ಜಯಂತಿಯ ದಿನ ಓದಿಸುವುದಿಲ್ಲ. ಧರ್ಮವನ್ನು ನಂಬಿದವರು ಯುದ್ಧದ ಬಗ್ಗೆ, ಬಡತನದ ಬಗ್ಗೆ ಹೇಗೆ ಮಾತನಾಡಬೇಕೆಂಬ ಪ್ರಶ್ನೆ ಎದ್ದಾಗಲೆಲ್ಲ ನಾವು ಈ ಭಾಷಣಕ್ಕೆ ಮರಳಬೇಕಾಗುತ್ತದೆ. ಅದನ್ನು ಹೊಗಳುವುದಕ್ಕಲ್ಲ, ಅದರ ಎದುರು ನಮ್ಮನ್ನು ನಾವು ನಿಲ್ಲಿಸಿ ನೋಡಿಕೊಳ್ಳುವುದಕ್ಕೆ.

ಅಂದಿನ ಸಭೆಯನ್ನು ಕರೆದದ್ದು ವಿಯೆಟ್ನಾಂ ಯುದ್ಧದಿಂದ ಕಳವಳಗೊಂಡಿದ್ದ ಪಾದ್ರಿಗಳು, ಯಹೂದಿ ಗುರುಗಳು ಮತ್ತು ಸಾಮಾನ್ಯ ಭಕ್ತರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಘಟನೆ. ಚರ್ಚ್‌ನಲ್ಲಿ ಸುಮಾರು 3,000 ಜನ ಸೇರಿದ್ದರು. ವೇದಿಕೆಯಲ್ಲಿ ಯಹೂದಿ ವಿದ್ವಾಂಸ ಅಬ್ರಹಾಂ ಜೋಶುವಾ ಹೆಶೆಲ್ ಇದ್ದರು. ವಾರ್ಸಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಅವರು ಹಿಟ್ಲರನ ಜನಾಂಗ ಹತ್ಯೆಯ ಕಾಲದಲ್ಲಿ ತಾಯಿಯನ್ನೂ ಸೋದರಿಯರನ್ನೂ ಕಳೆದುಕೊಂಡಿದ್ದರು. 1965ರಲ್ಲಿ ಸೆಲ್ಮಾದ ಹಕ್ಕುಗಳ ನಡಿಗೆಯಲ್ಲಿ ಕಿಂಗ್ ಜೊತೆ ಹೆಜ್ಜೆ ಹಾಕಿದ್ದರು. ಭಾಷಣದ ಕರಡನ್ನು ಬಹುಪಾಲು ಸಿದ್ಧಪಡಿಸಿದವರು ಕಿಂಗ್‌ರ ಗೆಳೆಯ, ಇತಿಹಾಸಕಾರ ವಿನ್ಸೆಂಟ್ ಹಾರ್ಡಿಂಗ್. ಅಂದರೆ ಅದು ಒಬ್ಬನೇ ವ್ಯಕ್ತಿಯ ಆವೇಶದ ಮಾತಲ್ಲ. ಹಲವು ನಂಬಿಕೆಗಳ ಜನ ಕೂಡಿ ಯೋಚಿಸಿ ಆಡಿಸಿದ ಮಾತು.

ಭಾಷಣದ ಕಟ್ಟುವಿಕೆಯನ್ನು ಗಮನಿಸಬೇಕು. ಕಿಂಗ್ ಮೊದಲಿಗೆ ಹೇಳುವುದು ತನ್ನದೇ ಮೌನದ ಬಗ್ಗೆ. 1965ರಲ್ಲಿಯೇ ಅವರು ಸಂಧಾನದ ಮಾತನ್ನಾಡಿದ್ದರು. ಟೀಕೆಗಳ ಸುರಿಮಳೆಯಾದಾಗ ಹಿಂದೆ ಸರಿದಿದ್ದರು. ಆ ಹಿಂಜರಿಕೆಯನ್ನು ಅವರು ಬಚ್ಚಿಡುವುದಿಲ್ಲ. ಬಳಿಕ, ಕರಿಯರ ಹಕ್ಕಿಗಾಗಿ ಹೋರಾಡುವ ನಿನಗೆ ವಿದೇಶ ನೀತಿಯ ಉಸಾಬರಿ ಯಾಕೆ ಎಂದು ಕೇಳುವವರಿಗೆ ಒಂದೊಂದಾಗಿ ಕಾರಣ ಕೊಡುತ್ತಾರೆ. ಮೊದಲನೆಯ ಕಾರಣ ಬೈಬಲಿನದ್ದಲ್ಲ, ಬಜೆಟಿನದ್ದು! 1964ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದ್ದರು. ಕರಿಯ, ಬಿಳಿಯ ಬಡವರಿಬ್ಬರಿಗೂ ಅದು ಆಸೆ ಹುಟ್ಟಿಸಿತ್ತು. ವಿಯೆಟ್ನಾಂ ಯುದ್ಧ ದೊಡ್ಡದಾಗುತ್ತಾ ಹೋದಂತೆ ಆ ಯೋಜನೆಗಳು ಸೊರಗಿದವು. ಹಣವೂ ಹೋಯಿತು, ದುಡಿಯುವ ಕೈಗಳೂ ಹೋದವು. ಆದ್ದರಿಂದ ಯುದ್ಧವೆಂಬುದು ಬಡವರ ಶತ್ರು, ಅದನ್ನು ಹಾಗೆಂದೇ ಎದುರಿಸಬೇಕು ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ.

ಎರಡನೆಯ ಕಾರಣ ಇನ್ನೂ ಚುಚ್ಚುವಂತಹದ್ದು. ಒಂದೇ ಶಾಲೆಯ ಬೆಂಚಿನಲ್ಲಿ ಕೂರಿಸಲು ಮನಸ್ಸು ಮಾಡದ ದೇಶ, ಕರಿಯ ಮತ್ತು ಬಿಳಿಯ ಬಡವರ ಮಕ್ಕಳನ್ನು ಒಟ್ಟಿಗೆ ಸಾಯಲು ಮತ್ತು ಕೊಲ್ಲಲು ಮಾತ್ರ ಕಳುಹಿಸುತ್ತಿದೆ ಎಂಬುದು. ಮೂರನೆಯದು, ಬಂದೂಕಿನಿಂದ ಪರಿಹಾರವಿಲ್ಲ ಎಂದು ತನ್ನ ಜನಾಂಗದ ಯುವಕರಿಗೆ ಬುದ್ಧಿ ಹೇಳಹೊರಟಾಗ ಅವರು ಕೇಳಿದ ಪ್ರಶ್ನೆ. ನಮ್ಮ ಸರಕಾರ ವಿಯೆಟ್ನಾಂನಲ್ಲಿ ಮಾಡುತ್ತಿರುವುದೇನು? ಆ ಪ್ರಶ್ನೆಗೆ ಕಿಂಗ್‌ರಲ್ಲಿ ಉತ್ತರವಿರಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಹಿಂಸೆಯನ್ನು ಹಂಚುತ್ತಿರುವುದು ತನ್ನದೇ ಸರಕಾರ ಎಂದು ಬಹಿರಂಗವಾಗಿ ಹೇಳದೆ, ಬೀದಿಯ ಹುಡುಗರಿಗೆ ಅಹಿಂಸೆಯ ಉಪದೇಶ ಮಾಡುವ ಅರ್ಹತೆ ತನಗಿಲ್ಲವೆಂದು ಅವರು ಒಪ್ಪಿಕೊಂಡರು.

ಭಾಷಣದ ನಡುಭಾಗದಲ್ಲಿ ಕಿಂಗ್ ಅಮೆರಿಕವನ್ನು ಬಿಟ್ಟು ವಿಯೆಟ್ನಾಂನ ರೈತನ ಅಂಗಳದಲ್ಲಿ ಹೋಗಿ ನಿಲ್ಲುತ್ತಾರೆ. 1945ರಲ್ಲಿ ಸ್ವಾತಂತ್ರ್ಯ ಸಾರಿಕೊಂಡ ಜನರನ್ನು ಮತ್ತೆ ಫ್ರಾನ್ಸಿನ ನೊಗಕ್ಕೆ ಕಟ್ಟಲು ಅಮೆರಿಕ ನೆರವಾದದ್ದು, ಭೂಸುಧಾರಣೆಗೆ ಅಡ್ಡಿಯಾದ ಆಡಳಿತವನ್ನು ಪೋಷಿಸಿದ್ದು, ನೀರಿಗೆ ವಿಷ ಬೆರೆತದ್ದು, ಬೆಳೆ ನಾಶವಾದದ್ದು ಎಲ್ಲವನ್ನೂ ಆ ರೈತನ ಕಣ್ಣಿನಿಂದ ನೋಡುತ್ತಾರೆ. ಶತ್ರುವೆಂದು ಹೆಸರಿಟ್ಟವನು ನಮ್ಮನ್ನು ಹೇಗೆ ಕಾಣುತ್ತಾನೆ ಎಂದು ಕೇಳಿಕೊಳ್ಳುವುದು ಧರ್ಮದ ಕೆಲಸವೆಂದು ಅವರು ಭಾವಿಸಿದ್ದರು. ನಮ್ಮ ಮಟ್ಟಿಗೆ ಈ ಭಾಷಣದ ಅತ್ಯಂತ ಧಾರ್ಮಿಕವಾದ ಭಾಗ ಇದೇ. ಇದರಲ್ಲಿ ದೇವರ ಹೆಸರು ಕಡಿಮೆ, ಮನುಷ್ಯನ ಸಂಕಟ ಹೆಚ್ಚು.

ಇಷ್ಟಕ್ಕೇ ನಿಂತಿದ್ದರೆ ಅದೂ ಒಂದು ಸುಂದರ ಪ್ರವಚನವಾಗುತ್ತಿತ್ತು. ಕಿಂಗ್ ನಿಲ್ಲಿಸಲಿಲ್ಲ. ಬಾಂಬು ದಾಳಿ ನಿಲ್ಲಬೇಕು, ಏಕಪಕ್ಷೀಯವಾಗಿ ಕದನವಿರಾಮ ಘೋಷಿಸಬೇಕು, ಸೇನೆ ಮರಳುವ ದಿನಾಂಕ ಗೊತ್ತುಮಾಡಬೇಕು ಎಂದು ಮುಂತಾಗಿ ಐದು ಬೇಡಿಕೆಗಳನ್ನಿಟ್ಟರು. ಆಮೇಲೆ ತನ್ನ ಮುಂದೆ ಕುಳಿತಿದ್ದ ಧರ್ಮಗುರುಗಳ ಕಡೆಗೇ ತಿರುಗಿದರು. ಆಗ ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿಯಿತ್ತು. ಪಾದ್ರಿಗಳಿಗೆ ಅದರಿಂದ ವಿನಾಯಿತಿಯಿತ್ತು. ಕರೆಗೆ ಬೀಳುವ ವಯಸ್ಸಿನ ಧರ್ಮಗುರುಗಳು ಆ ವಿನಾಯಿತಿಯನ್ನು ಬಿಟ್ಟುಕೊಟ್ಟು, ಮನಸ್ಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಬರುವುದಿಲ್ಲ ಎಂದು ಬರೆದುಕೊಡಬೇಕೆಂದು ಅವರು ಕೋರಿದರು. ಬಡವನ ಮಗನಿಗಿರುವ ಅಪಾಯವನ್ನು ತಾನೂ ಹೊರದೆ ಶಾಂತಿಯ ಬಗ್ಗೆ ಉಪದೇಶ ಮಾಡಬೇಡಿ ಎಂಬುದು ಅದರ ತಾತ್ಪರ್ಯ. ಧರ್ಮಗುರುಗಳ ಶಾಂತಿ ಹೇಳಿಕೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಕಾಣುವುದಿಲ್ಲ. ಆಡಿದವನಿಗೆ ಆ ಮಾತಿನ ಬೆಲೆ ಎಷ್ಟು ಬಿತ್ತು?

ಆ ಬೆಲೆಯನ್ನು ತೆರಲು ಒಬ್ಬ ಮುಸ್ಲಿಮ್ ಯುವಕ ಸಿದ್ಧನಿದ್ದ. ಕಿಂಗ್ ಭಾಷಣದ 24 ದಿನಗಳ ನಂತರ, 1967ರ ಏಪ್ರಿಲ್ 28ರಂದು ಹ್ಯೂಸ್ಟನ್ ನಗರದ ಸೇನಾ ಭರ್ತಿ ಕೇಂದ್ರದಲ್ಲಿ ಹೆಸರು ಕರೆದಾಗ ಮುಹಮ್ಮದ್ ಅಲಿ ಹೆಜ್ಜೆ ಮುಂದಿಡಲಿಲ್ಲ. ತನ್ನ ಧರ್ಮ ಈ ಯುದ್ಧಕ್ಕೆ ಅನುಮತಿ ಕೊಡುವುದಿಲ್ಲ ಎಂಬುದು ಅವರ ವಾದವಾಗಿತ್ತು. ಬಾಕ್ಸಿಂಗ್ ವಿಶ್ವ ಚಾಂಪಿಯನ್ ಪಟ್ಟವನ್ನು ಅವರಿಂದ ಕಿತ್ತುಕೊಳ್ಳಲಾಯಿತು. ಜೂನ್‌ನಲ್ಲಿ 5 ವರ್ಷ ಸೆರೆವಾಸ ಮತ್ತು 10,000 ಡಾಲರ್ ದಂಡದ ಶಿಕ್ಷೆಯಾಯಿತು. ಮೇಲ್ಮನವಿಯಿಂದಾಗಿ ಅವರು ಜೈಲಿಗೆ ಹೋಗಬೇಕಾಗಲಿಲ್ಲ. ಆದರೆ ಕ್ರೀಡಾಪಟುವೊಬ್ಬನ ಬದುಕಿನ ಅತ್ಯುತ್ತಮ ವರ್ಷಗಳು ಕಣದ ಹೊರಗೆ ಕಳೆದುಹೋದವು. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಗೊಳಿಸಿತು. ಒಬ್ಬ ಕ್ರೈಸ್ತ ಪಾದ್ರಿ ಚರ್ಚ್‌ನಲ್ಲಿ ಹೇಳಿದ್ದನ್ನು ಒಬ್ಬ ಮುಸ್ಲಿಮ್ ಬಾಕ್ಸರ್ ಭರ್ತಿ ಕೇಂದ್ರದಲ್ಲಿ ಮಾಡಿ ತೋರಿಸಿದ್ದ. ಇದು ಬರಿಯ ಕಾಕತಾಳೀಯವೆಂದು ನಮಗನಿಸುವುದಿಲ್ಲ.

ಕಿಂಗ್‌ರಿಗೆ ಸಿಕ್ಕಿದ್ದೇನು? ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯದಲ್ಲಿ ಇದು ಡಾ. ಕಿಂಗ್ ಮಾಡಿದ ತಪ್ಪು ಎಂದು ಬರೆಯಿತು. ಅವರು ತಮ್ಮ ಜನರಿಗೂ ದೇಶಕ್ಕೂ ಉಪಯೋಗವಾಗುವ ಶಕ್ತಿಯನ್ನು ಕುಗ್ಗಿಸಿಕೊಂಡರೆಂದು ವಾಷಿಂಗ್ಟನ್ ಪೋಸ್ಟ್ ತೀರ್ಪು ನೀಡಿತು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಕರಿಯರ ಹಳೆಯ ಹಕ್ಕು ಸಂಘಟನೆಯಾದ ಎನ್‌ಎಎಸಿಪಿ ಕೂಡ ಹಕ್ಕುಗಳ ಹೋರಾಟವನ್ನು ಶಾಂತಿ ಚಳವಳಿಯೊಂದಿಗೆ ಬೆರೆಸುವುದು ತಪ್ಪೆಂದು ಠರಾವು ಮಾಡಿತು. ತನ್ನ ಸಮುದಾಯದ ಅಳಲನ್ನು ಹೇಳಿಕೊಳ್ಳುವವರೆಗೆ ಕಿಂಗ್ ಒಳ್ಳೆಯ ಪಾದ್ರಿ. ಆ ಅಳಲಿನ ಬೇರು ಸೇನಾ ಖರ್ಚಿನಲ್ಲಿದೆ, ಲಾಭಕೋರತನದಲ್ಲಿದೆ ಎಂದೊಡನೆ ಅವರು ಅಧಿಕಪ್ರಸಂಗಿ! ಧರ್ಮಕ್ಕೆ ಒಂದು ಕೋಣೆ ಕೊಟ್ಟಿದ್ದಾರೆ, ಅಲ್ಲಿದ್ದುಕೊಂಡು ಎಷ್ಟು ಬೇಕಾದರೂ ಮಾತಾಡಬಹುದು. ಕೋಣೆಯಿಂದ ಹೊರಗೆ ಬಂದು ಮನೆಯ ಜಮಾಖರ್ಚು ಕೇಳಬಾರದು. ಈ ನಿಯಮ ಅಂದಿನ ಅಮೆರಿಕದ್ದು ಮಾತ್ರವಲ್ಲ.

ಆದರೆ ಜಮಾಖರ್ಚು ಕೇಳಿದವರು ಕಿಂಗ್ ಒಬ್ಬರೇ ಅಲ್ಲ. ರಿವರ್‌ಸೈಡ್ ಭಾಷಣಕ್ಕೆ ಒಂಬತ್ತು ದಿನ ಮೊದಲು, 1967ರ ಮಾರ್ಚ್ 26ರಂದು ಆರನೇ ಪೋಪ್ ಪಾಲ್ ಬಡ ರಾಷ್ಟ್ರಗಳ ಅಭಿವೃದ್ಧಿಯ ಕುರಿತು ಒಂದು ಸುತ್ತೋಲೆ ಹೊರಡಿಸಿದ್ದರು. ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದ ಒಂದು ಪಾಲನ್ನು ತೆಗೆದು ಜಗತ್ತಿನ ಅತಿ ಬಡವರಿಗಾಗಿ ಒಂದು ವಿಶ್ವನಿಧಿ ಸ್ಥಾಪಿಸಬೇಕೆಂಬ ಸಲಹೆ ಅದರಲ್ಲಿತ್ತು. ರೋಮ್‌ನಲ್ಲಿ ಪೋಪ್, ನ್ಯೂಯಾರ್ಕ್‌ನಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ ಒಂದೇ ಲೆಕ್ಕದ ಪುಸ್ತಕದ ಎರಡು ಪುಟಗಳನ್ನು ತೆರೆದಿದ್ದರು.

ಕಿಂಗ್ ಕೊನೆಯವರೆಗೂ ಆ ಪುಸ್ತಕವನ್ನು ಮುಚ್ಚಲಿಲ್ಲ. 1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ಸೇರಿಕೊಂಡಿದ್ದ ಇಬ್ಬರು ಕರಿಯ ಪೌರಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ನಾನೂ ಒಬ್ಬ ಮನುಷ್ಯ ಎಂದು ಬರೆದ ಫಲಕ ಹಿಡಿದು ಬೀದಿಗಿಳಿದರು. ಅವರ ಬೆಂಬಲಕ್ಕೆಂದು ಹೋದ ಕಿಂಗ್ ಅಲ್ಲಿಯೇ ಗುಂಡಿಗೆ ಬಲಿಯಾದರು. ಅಂದು 1968ರ ಏಪ್ರಿಲ್ 4. ರಿವರ್‌ಸೈಡ್ ಭಾಷಣಕ್ಕೆ ಸರಿಯಾಗಿ ಒಂದು ವರ್ಷ. ಯುದ್ಧದ ವಿರುದ್ಧ ಮಾತಾಡಿದ ಬಾಯಿ ಕಸ ಹೊರುವವರ ಕೂಲಿಗಾಗಿ ಮಾತಾಡುತ್ತಲೇ ಮೌನವಾಯಿತು.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಭಾಷಣದ ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಪಾಶ್ಚಾತ್ಯ ಬಂಡವಾಳಗಾರರು ಏಶ್ಯ, ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿ ಹಣ ಹೂಡಿ ಲಾಭವನ್ನಷ್ಟೇ ಹೊತ್ತೊಯ್ಯುವುದನ್ನು ಕಿಂಗ್ ಖಂಡಿಸಿದರು. ಆದರೆ ಅವರು ನಿಂತಿದ್ದ ಆ ಭವ್ಯ ಚರ್ಚು 1930ರಲ್ಲಿ ಎದ್ದು ನಿಂತದ್ದು ತೈಲ ಸಾಮ್ರಾಜ್ಯದ ವಾರಸುದಾರ ಕಿರಿಯ ಜಾನ್ ಡಿ. ರಾಕ್‌ಫೆಲರ್‌ರ ಹಣದಿಂದ. ಈ ಸಂಗತಿ ಭಾಷಣದಲ್ಲಿ ಬರುವುದಿಲ್ಲ. ತಾನು ನಿಂತ ಕಟ್ಟೆಯ ಕಲ್ಲು ಎಲ್ಲಿಂದ ಬಂತೆಂದು ಧರ್ಮ ಕೇಳುವುದು ಅಪರೂಪ. ದಾನಿಯ ಹೆಸರನ್ನು ಗೋಡೆಯಲ್ಲಿ ಕೆತ್ತಿಸುವಷ್ಟು ಸಲೀಸಾಗಿ ಅವನ ದುಡ್ಡಿನ ಮೂಲವನ್ನು ನಾವು ಕೆದಕುವುದಿಲ್ಲ. ಹಾಗಿದ್ದೂ ಅಂತಹ ಕಟ್ಟೆಯ ಮೇಲಿಂದಲೇ ಅಂತಹ ಮಾತು ಹೊರಟಿತೆಂಬುದು ಒಂದು ಸಮಾಧಾನ. ದಾನಕ್ಕೆ ನಾಲಿಗೆಯನ್ನು ಅಡವಿಡಲೇಬೇಕಾಗಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಈಗ 2003ಕ್ಕೆ ಬರೋಣ. ಇರಾಕಿನ ಮೇಲಿನ ಯುದ್ಧವನ್ನು ವಿರೋಧಿಸಿದಷ್ಟು ಒಮ್ಮತದಿಂದ ಚರ್ಚುಗಳು ಬೇರೆ ಯುದ್ಧವನ್ನು ವಿರೋಧಿಸಿದ್ದು ಕಡಿಮೆ. ಎರಡನೇ ಪೋಪ್ ಜಾನ್ ಪಾಲ್ ಆ ವರ್ಷದ ಜನವರಿಯಲ್ಲೇ ಯುದ್ಧವನ್ನು ಮಾನವತೆಯ ಸೋಲೆಂದು ಕರೆದರು. ಮಾರ್ಚ್‌ನಲ್ಲಿ ತಮ್ಮ ಕಾರ್ಡಿನಲ್ ಒಬ್ಬರನ್ನು ವಾಷಿಂಗ್ಟನ್‌ಗೆ ಕಳುಹಿಸಿದರು. ಅಧ್ಯಕ್ಷ ಬುಶ್ ಸೇರಿದ್ದ ಮೆಥಡಿಸ್ಟ್ ಚರ್ಚಿನ ಹಲವು ಬಿಷಪರೇ ವಿರೋಧ ಸೂಚಿಸಿದರು. ಫೆಬ್ರವರಿ 15ರಂದು ಲಂಡನ್‌ನಲ್ಲಿ ನಡೆದ ಮಹಾ ಮೆರವಣಿಗೆಯನ್ನು ಯುದ್ಧವಿರೋಧಿ ಸಂಘಟನೆಗಳ ಜೊತೆ ಸೇರಿ ಕರೆದದ್ದು ಬ್ರಿಟನ್ನಿನ ಒಂದು ಮುಸ್ಲಿಮ್ ಸಂಘಟನೆ. ಆದರೂ ಯುದ್ಧ ನಡೆಯಿತು. ಸೋಲನ್ನು ನಾವು ಹಳಿಯುವುದಿಲ್ಲ. ಕಿಂಗ್ ಮಾತಾಡಿದ ಮೇಲೂ ವಿಯೆಟ್ನಾಂ ಯುದ್ಧ ವರ್ಷಗಟ್ಟಲೆ ನಡೆದಿತ್ತು. ನಮ್ಮ ಪ್ರಶ್ನೆ ಬೇರೆ. ಅದೇ ವರ್ಷದ ಸೆಪ್ಟೆಂಬರ್ 19ರಂದು ಇರಾಕಿನ ಅಮೆರಿಕನ್ ಆಡಳಿತಾಧಿಕಾರಿ ಪಾಲ್ ಬ್ರೆಮರ್, ತೈಲದಂತಹ ನೈಸರ್ಗಿಕ ಸಂಪತ್ತನ್ನು ಬಿಟ್ಟು ಹೆಚ್ಚುಕಮ್ಮಿ ಉಳಿದೆಲ್ಲ ಉದ್ದಿಮೆಗಳನ್ನು ನೂರಕ್ಕೆ ನೂರು ವಿದೇಶೀಯರ ಒಡೆತನಕ್ಕೆ ತೆರೆದಿಡುವ ಆದೇಶಕ್ಕೆ ಸಹಿ ಹಾಕಿದರು. ಬಾಂಬಿನ ವಿರುದ್ಧ ಎದ್ದ ದನಿ ಆ ಆದೇಶದ ವಿರುದ್ಧ ಅಷ್ಟೇ ಎತ್ತರದಲ್ಲಿ ಏಳಲಿಲ್ಲ. ಯುದ್ಧ ಪಾಪವೆಂದು ಕಂಡಿತು, ಯುದ್ಧದ ವ್ಯಾಪಾರ ಮಾತ್ರ ವ್ಯಾಪಾರವೆಂದೇ ಉಳಿಯಿತು.

ಇನ್ನೊಂದು ಕಡೆ, ಬಡ ರಾಷ್ಟ್ರಗಳ ಸಾಲಮನ್ನಾಕ್ಕಾಗಿ ನಡೆದ ಜುಬಿಲಿ 2000 ಚಳವಳಿಯನ್ನು ನೋಡೋಣ. ಐವತ್ತನೆಯ ವರ್ಷದಲ್ಲಿ ಒತ್ತೆಯಾದ ಜಮೀನೂ ಜೀತಕ್ಕಿದ್ದವರೂ ಬಿಡುಗಡೆಯಾಗಬೇಕೆಂಬ ಬೈಬಲಿನ ಹಳೆಯ ಒಡಂಬಡಿಕೆಯ ವಿಧಿಯಿಂದ ಅದರ ಹೆಸರು ಬಂತು. 1998ರ ಮೇ 16ರಂದು ಬರ್ಮಿಂಗ್‌ಹ್ಯಾಂನಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಸಭೆ ಸೇರಿದ್ದಾಗ ಸುಮಾರು 70,000 ಜನ ಮಾನವ ಸರಪಣಿ ಕಟ್ಟಿದರು. 2005ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಸೇರಿದ ಅದೇ ರಾಷ್ಟ್ರಗಳು ಅತಿ ಬಡ ದೇಶಗಳು ವಿಶ್ವಬ್ಯಾಂಕ್ ಮುಂತಾದ ಸಂಸ್ಥೆಗಳಿಗೆ ಕೊಡಬೇಕಾಗಿದ್ದ ಸಾಲ ಮನ್ನಾ ಮಾಡಲು ಒಪ್ಪಿದವು. ಇದು ಸಣ್ಣ ಗೆಲುವಲ್ಲ. ಆದರೆ ಅಂದು ಆತಿಥ್ಯ ವಹಿಸಿ ಚಪ್ಪಾಳೆ ಗಿಟ್ಟಿಸಿದ ಬ್ರಿಟಿಷ್ ಸರಕಾರವೇ ಎರಡು ವರ್ಷ ಹಿಂದೆ ಇರಾಕಿಗೆ ಸೇನೆ ಕಳುಹಿಸಿತ್ತು. ಯುದ್ಧದ ವಿರುದ್ಧ ಒಂದು ಮೆರವಣಿಗೆ, ಬಡತನದ ವಿರುದ್ಧ ಇನ್ನೊಂದು. ಕಿಂಗ್ ಒಂದೇ ಗಂಟಿನಲ್ಲಿ ಕಟ್ಟಿಟ್ಟದ್ದನ್ನು ನಂತರದವರು ಬಿಚ್ಚಿ ಎರಡು ಮಾಡಿಕೊಂಡರು. ಎರಡು ಮಾಡಿದ್ದರಿಂದ ಆಳುವವರಿಗೆ ಒಂದರಲ್ಲಿ ಮಣಿದು ಇನ್ನೊಂದರಲ್ಲಿ ಪಾರಾಗಲು ದಾರಿಯಾಯಿತು.

ಇಷ್ಟರವರೆಗೆ ನಾವು ಚರ್ಚುಗಳ ಬಗ್ಗೆ ಬರೆದೆವು. ಇಲ್ಲಿಗೆ ನಿಲ್ಲಿಸಿದರೆ ಅದು ಪರರ ತಟ್ಟೆಯ ನೊಣ ತೋರಿಸಿದ ಹಾಗಾಗುತ್ತದೆ. ನಮ್ಮ ತಟ್ಟೆಯನ್ನೂ ನೋಡೋಣ.

ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಬಿಟ್ಟುಕೊಡುವುದು ಇನ್ನೂ ಉತ್ತಮ ಎಂದು ಕಲಿಸುವ ಕುರ್‌ಆನ್ ನಮ್ಮ ಬಳಿ ಇದೆ. ಬಡ್ಡಿಯನ್ನು ನಿಷೇಧಿಸಿದ ಧರ್ಮ ನಮ್ಮದೆಂದು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಹಾಗಿದ್ದೂ ಬಡ ರಾಷ್ಟ್ರಗಳ ಕೊರಳಿಗೆ ಬಿದ್ದ ಸಾಲದ ನೇಣನ್ನು ಸಡಿಲಿಸಲು ಜಗತ್ತಿನಾದ್ಯಂತ ಚಳವಳಿ ಎದ್ದಾಗ ಅದರ ಮುಂಚೂಣಿಯಲ್ಲಿ ನಾವಿರಲಿಲ್ಲ. ನಮ್ಮ ಚರ್ಚೆ ಬ್ಯಾಂಕ್ ಖಾತೆಯ ಬಡ್ಡಿಯನ್ನು ಏನು ಮಾಡಬೇಕೆಂಬಲ್ಲಿಗೆ ಬಂದು ನಿಂತಿತ್ತು.

ಯುದ್ಧದ ವಿಷಯದಲ್ಲಿ ನಮ್ಮ ದನಿ ದೊಡ್ಡದೇ. ಆದರೆ ಬಾಂಬು ಹಾಕಿದವನು ಹೊರಗಿನವನಾಗಿದ್ದಾಗ ಮಾತ್ರ. 1980ರಿಂದ 1988ರವರೆಗೆ ಇರಾನ್ ಮತ್ತು ಇರಾಕ್ ಪರಸ್ಪರ ಕೊಂದುಕೊಂಡವು. 2015ರ ಮಾರ್ಚ್‌ನಿಂದ ಸೌದಿ ನೇತೃತ್ವದ ಮಿತ್ರಕೂಟ ಯಮನ್ ಮೇಲೆ ದಾಳಿ ನಡೆಸಿತು. 2021ರ ಅಂತ್ಯದ ವೇಳೆಗೆ ಯಮನ್ ಯುದ್ಧದಿಂದ ಸತ್ತವರ ಸಂಖ್ಯೆ 3,77,000 ತಲುಪಬಹುದೆಂದೂ ಅವರಲ್ಲಿ ನೂರಕ್ಕೆ ಸುಮಾರು 60 ಜನರ ಸಾವಿಗೆ ಹಸಿವು, ರೋಗ, ಚಿಕಿತ್ಸೆ ಸಿಗದಿರುವುದು ಮೊದಲಾದ ಪರೋಕ್ಷ ಕಾರಣಗಳಿವೆಯೆಂದೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜಿಸಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಇಬ್ಬರು ಸೇನಾಪತಿಗಳ ಕಾದಾಟ ಶುರುವಾಗಿ ಊರೂರುಗಳೇ ಬರಿದಾದವು. ಇವುಗಳ ಕುರಿತು ನಮ್ಮ ಜುಮಾ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿದ್ದೇವೆ? ಅಲ್ಲೊಂದು ಇಲ್ಲೊಂದು ದನಿ ಎದ್ದಿರಬಹುದು. ಸಮುದಾಯವಾಗಿ ನಾವು ಬೀದಿಗಿಳಿಯಲಿಲ್ಲ.

ಇದಕ್ಕೆ ಕಾರಣವೂ ನಮಗೆ ಗೊತ್ತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಕೊಲ್ಲಿಯ ದುಡಿಮೆಯಿಂದ. ಮಸೀದಿ, ಮದ್ರಸ, ಶಾಲೆಗಳ ಗೋಡೆಗಳಲ್ಲಿ ಆ ದುಡಿಮೆಯ ಬೆವರಿದೆ. ಅದು ಹಲಾಲ್ ಬೆವರು, ಅದರ ಬಗ್ಗೆ ನಾಚಿಕೆಪಡಬೇಕಾಗಿಲ್ಲ. ಆದರೆ ಅನ್ನ ಕೊಟ್ಟ ನಾಡಿನ ದೊರೆಗಳ ಯುದ್ಧದ ಬಗ್ಗೆ ಬಾಯಿ ತೆರೆಯಲು ನಾವು ಅಳುಕುತ್ತೇವೆ. ಕಫಾಲಾ ಪದ್ಧತಿಯಲ್ಲಿ ಪಾಸ್‌ಪೋರ್ಟ್ ಮಾಲಕನ ಕೈಗೆ ಸೇರಿ, ಸಂಬಳ ತಿಂಗಳುಗಟ್ಟಲೆ ಬಾಕಿಯಾದ ನಮ್ಮದೇ ಹುಡುಗರ ಬಗ್ಗೆಯೂ ಅಳುಕುತ್ತೇವೆ. ರಾಕ್‌ಫೆಲರ್‌ನ ಚರ್ಚಿನಲ್ಲಿ ಕಿಂಗ್‌ರಿಗೆ ಸಾಧ್ಯವಾದದ್ದು ನಮ್ಮ ಮಿಂಬರಿನಿಂದ ಯಾಕೆ ಸಾಧ್ಯವಾಗುತ್ತಿಲ್ಲ?

ಸಹೋದರನಿಗೆ ನೆರವಾಗಿರಿ, ಅವನು ಮರ್ದಿತನಾಗಿರಲಿ, ಮರ್ದಕನಾಗಿರಲಿ ಎಂದು ಪ್ರವಾದಿ(ಸ) ಹೇಳಿದಾಗ ಅನುಯಾಯಿಗಳು ಅಚ್ಚರಿಪಟ್ಟರು. ಮರ್ದಕನಿಗೆ ನೆರವಾಗುವುದು ಹೇಗೆ? ಅವನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಉತ್ತರ ಬಂತು. ನ್ಯಾಯಕ್ಕಾಗಿ ನಿಲ್ಲಿರಿ, ಅದು ನಿಮ್ಮ ವಿರುದ್ಧ, ಹೆತ್ತವರ ಮತ್ತು ಬಂಧುಗಳ ವಿರುದ್ಧವೇ ಆದರೂ ಸರಿ ಎಂದು ಅನ್ನಿಸಾ ಅಧ್ಯಾಯದ 135ನೆಯ ಸೂಕ್ತ ತಾಕೀತು ಮಾಡುತ್ತದೆ. ಕಿಂಗ್ ಮಾಡಿದ್ದು ಇದನ್ನೇ. ಪರದೇಶದ ದಬ್ಬಾಳಿಕೆಯನ್ನು ಖಂಡಿಸಲು ಅವರ ಧರ್ಮ ಬೇಕಾಗಿರಲಿಲ್ಲ, ಪತ್ರಿಕೆ ಓದಿದ್ದರೆ ಸಾಕಿತ್ತು. ತನ್ನವರ ಕೈ ಹಿಡಿದು ತಡೆಯಲು ಧರ್ಮ ಬೇಕಾಯಿತು.

ಇಂತಹ ಮಾತು ಈಗಲೂ ಕೇಳಿಬರುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಗಾಝಾದ ಮೇಲೆ ದಾಳಿ ಆರಂಭವಾದಾಗ ಅಮೆರಿಕದ ಯಹೂದಿಗಳ ಒಂದು ದೊಡ್ಡ ಗುಂಪು, ನಮ್ಮ ಹೆಸರಿನಲ್ಲಿ ಇದು ಬೇಡ ಎಂಬ ಬರಹದ ಅಂಗಿ ತೊಟ್ಟು ವಾಷಿಂಗ್ಟನ್‌ನಲ್ಲೂ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲೂ ಧರಣಿ ಕುಳಿತಿತು. ನೂರಾರು ಮಂದಿ ಬಂಧನಕ್ಕೊಳಗಾದರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ಹಳೆಯ ಚರ್ಚುಗಳಲ್ಲೊಂದಾದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಬಿಷಪರು ಇಸ್ರೇಲಿಗೆ ಕೊಡುವ ಹಣವನ್ನು ನಿಲ್ಲಿಸಬೇಕೆಂದು ತಮ್ಮ ಸರಕಾರವನ್ನು ಒತ್ತಾಯಿಸಿದರು. ಅವರು ಬರಿಯ ಶಾಂತಿಗಾಗಿ ಪ್ರಾರ್ಥಿಸಲಿಲ್ಲ, ಹಣದ ಲೆಕ್ಕ ಕೇಳಿದರು. ರಿವರ್‌ಸೈಡ್ ಭಾಷಣದ ನಿಜವಾದ ವಾರಸುದಾರರು ಇವರು. ಗಾಝಾಕ್ಕಾಗಿ ಕಣ್ಣೀರು ಹಾಕಿದ ನಾವು ಈ ಯಹೂದಿ, ಕ್ರೈಸ್ತ ಬಂಧುಗಳ ಧೈರ್ಯವನ್ನು ಮೆಚ್ಚಿದ್ದೇವೆ. ಅವರಿಂದ ಕಲಿತಿದ್ದೇವೆಯೇ?

ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತು ಸೇನೆಗಾಗಿ ಖರ್ಚು ಮಾಡಿದ್ದು 2 ಲಕ್ಷ 71 ಸಾವಿರ ಕೋಟಿ ಡಾಲರಿಗೂ ಹೆಚ್ಚು. ಪಟ್ಟಿಯಲ್ಲಿ ಅಮೆರಿಕ ಮೊದಲನೆಯದು. ನಮ್ಮ ಭಾರತ 5ನೆಯದು. ಎರಡು ಪವಿತ್ರ ಮಸೀದಿಗಳ ಸೇವಕನೆಂದು ಕರೆದುಕೊಳ್ಳುವ ದೊರೆಯ ಸೌದಿ ಅರೇಬಿಯಾ 7ನೆಯದು. ಅಂದರೆ ಈ ಪಟ್ಟಿಯಲ್ಲಿ ಪ್ರತಿ ಧರ್ಮದವರಿಗೂ ತಮ್ಮವರು ಸಿಗುತ್ತಾರೆ. ಆರನೇ ಪೋಪ್ ಪಾಲ್ ಕೇಳಿದ ವಿಶ್ವನಿಧಿ ಕಾಗದದಲ್ಲೇ ಉಳಿಯಿತು. ಬಡವನ ಲೆಕ್ಕ ಇನ್ನೂ ಬಾಕಿಯಿದೆ.

ಆದ್ದರಿಂದ ಧರ್ಮಸಂಸ್ಥೆಯೊಂದು ಯುದ್ಧದ ವಿರುದ್ಧ ಹೇಳಿಕೆ ಹೊರಡಿಸಿದಾಗ ನಾವು ಮೂರು ಪ್ರಶ್ನೆ ಕೇಳಬೇಕು. ಆ ಮಾತು ಯಾರ ಎದುರು ಆಡಿದ್ದು, ಎದುರಾಳಿಯ ಮುಂದೆಯೇ, ತನ್ನವರ ಮುಂದೆಯೇ? ಅದರಲ್ಲಿ ಹಣದ ಹೆಸರಿದೆಯೇ? ಆಡಿದವನು ಏನನ್ನು ಬಿಟ್ಟುಕೊಟ್ಟ? ಮೊದಲು ಈ ಪ್ರಶ್ನೆಗಳನ್ನು ನಮ್ಮ ಮಸೀದಿಯ ಅಂಗಳದಲ್ಲಿ ಕೇಳೋಣ. ಬರುವ ಶುಕ್ರವಾರ ದುಆಕ್ಕೆ ಕೈ ಎತ್ತುವಾಗ ಗಾಝಾದ ಜೊತೆಗೆ ಯಮನ್, ಸುಡಾನ್‌ಗಳ ಹೆಸರೂ ಬರಲಿ. ಪಾಸ್‌ಪೋರ್ಟ್ ಕಳಕೊಂಡು ಕೂಲಿಗಾಗಿ ಕಾಯುತ್ತಿರುವ ನಮ್ಮೂರಿನ ಹುಡುಗನ ಹೆಸರೂ ಬರಲಿ. ದುಆ ಮುಗಿದು ಹೊರಬಂದ ಮೇಲೂ ಆ ಹೆಸರುಗಳು ನಮ್ಮ ಬಾಯಲ್ಲಿರಲಿ.